ತಲೆಗೆ ಬಿದ್ದ ಪೆಟ್ಟೂ ಹೆಣ್ಣುಮಕ್ಕಳೂ

ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ. ಎ.

“ಹುಡುಗಿಯರ ತಲೆ ಗಾಜಿನದು, ತಗಲಿದರೆ ಒಡೆಯುತ್ತದೆ” ಎಂದು ನಮ್ಮ ತರಗತಿಯ ಮಿತ್ರರೊಬ್ಬರು ಕಳೆದ ವರ್ಷ ನಗೆಯಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ತಲೆ ನನ್ನದೇ ಆಗಿದ್ದುದರಿಂದ ನನ್ನ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ವಿನೋದಕ್ಕೆಂದು ಆಡಿದ ಆ ಮಾತಿಗೆ ವಿನೋದವಿಲ್ಲದ ಉತ್ತರವೊಂದನ್ನು ಕೊಡಬೇಕೆಂದು ಅಂದಿನಿಂದ ಮನಸ್ಸಿನಲ್ಲಿತ್ತು. ಸಂಪಾದಕರು ಸ್ಥಳವಿತ್ತಿರುವುದರಿಂದ ಈಗ ಅದನ್ನು ವಾಚಕರ ಮುಂದಿಡುತ್ತೇನೆ.

ನಡೆದದ್ದಿಷ್ಟು. ಕಬಡ್ಡಿಯ ಅಭ್ಯಾಸದಲ್ಲಿ ದಾಳಿಗೆ ಬಂದವಳ ಮೊಣಕಾಲು ನನ್ನ ಕಿವಿಯ ಮೇಲುಭಾಗಕ್ಕೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ರಕ್ತ ಬರಲಿಲ್ಲ. ಕಣ್ಣ ಮುಂದೆ ಒಂದು ಗಳಿಗೆ ಮಬ್ಬು ಕವಿಯಿತು, ಅಷ್ಟೆ. ಮುಖಕ್ಕೆ ನೀರು ಹಾಕಿಕೊಂಡು ಆಟ ಮುಗಿಯುವವರೆಗೂ ಆಡಿದೆ. ಮರುದಿನ ಗೌರಿಹಬ್ಬ. ಒಲೆಯ ಮುಂದೆ ನಿಂತು ಒಬ್ಬಟ್ಟು ಬೇಯಿಸಿದ್ದೂ, ತಲೆಯೊಳಗೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದಂತಿದ್ದುದೂ ನೆನಪಿದೆ. ಅದೇ ವಾರ ಹುಡುಗರ ತಂಡದವರೊಬ್ಬರಿಗೂ ಇಂಥದೇ ಪೆಟ್ಟು ಬಿತ್ತು. ಅವರನ್ನು ಇಬ್ಬರು ಹೆಗಲು ಕೊಟ್ಟು ಅಂಕಣದಿಂದ ಹೊರಗೆ ತಂದರು. ಕೂಡಲೆ ಆಟೋದಲ್ಲಿ ವೈದ್ಯರ ಬಳಿಗೆ ಕರೆದೊಯ್ದರು. ಮನೆಯಲ್ಲಿ ಅವರ ತಾಯಿ ಮೂರು ದಿನ ನೀರಿನ ಲೋಟವನ್ನೂ ಎತ್ತಗೊಡಲಿಲ್ಲವಂತೆ. ಎರಡು ವಾರದಲ್ಲಿ ಅವರು ಮೈದಾನಕ್ಕೆ ಮರಳಿದರು. ನನಗೆ ಏಳನೆಯ ವಾರದಲ್ಲೂ ಪುಸ್ತಕದ ಸಾಲುಗಳು ಕದಲುತ್ತಿದ್ದುವು. ಒಂದು ಪರೀಕ್ಷೆಯೂ ಕೈತಪ್ಪಿತು. ಗಾಜಿನ ತಲೆಯ ಮಾತು ಹುಟ್ಟಿದ್ದು ಆಗ.

ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ಮಿದುಳಿಗೆ ಬಿದ್ದ ಸೌಮ್ಯವಾದ ಪೆಟ್ಟು ಎಂದರ್ಥ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಒಂದು ಅಳತೆಗೋಲನ್ನು ರಚಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ—ಇವಕ್ಕೆ ಅಂಕಗಳು. ಇಂದಿನ ಲೆಕ್ಕದಲ್ಲಿ ಪೂರ್ಣಾಂಕ 15. 13ಕ್ಕೆ ಕಡಮೆಯಿಲ್ಲದಿದ್ದರೆ ಪೆಟ್ಟು ‘ಸೌಮ್ಯ’. ನಮ್ಮ ಪರೀಕ್ಷೆಯಲ್ಲಿ 15ಕ್ಕೆ 15 ಬಂದರೆ ಸಿಹಿ ಹಂಚುತ್ತೇವೆ. ಇಲ್ಲಿ ಪೂರ್ಣಾಂಕ ಪಡೆದವರೂ ತಲೆನೋವು, ಮರೆವು, ನಿದ್ರೆಗೇಡುಗಳಿಂದ ತಿಂಗಳುಗಟ್ಟಲೆ ನರಳಬಹುದು. ಸಿ. ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಆದ್ದರಿಂದ ನೋವುಂಡವರ ಮಾತನ್ನೇ ನಂಬಬೇಕು. ಮಾತು ಹೆಣ್ಣಿನದಾದರೆ ನಂಬಿಕೆ ಸ್ವಲ್ಪ ತುಟ್ಟಿ.

“ಹೆಂಗಸರು ನೋವನ್ನು ದೊಡ್ಡದು ಮಾಡಿ ಹೇಳುತ್ತಾರೆ” ಎಂಬ ಆಕ್ಷೇಪಣೆಗೆ ಅಮೆರಿಕದ ಒಂದು ಸಂಶೋಧನೆಯಲ್ಲಿ ಒಳ್ಳೆಯ ಉತ್ತರವಿದೆ. 2021ರಲ್ಲಿ ಪ್ರಕಟವಾದ ಅದರಲ್ಲಿ ಇಂಥ ಪೆಟ್ಟು ತಿಂದ 2000 ಮಂದಿಯನ್ನು ಒಂದು ವರ್ಷದವರೆಗೆ ಗಮನಿಸಿದರು. ಹೋಲಿಕೆಗೆಂದು, ತಲೆಗೆ ಏನೂ ಆಗದೆ ಮೂಳೆ ಮುಂತಾದೆಡೆ ಗಾಯವಾದ 299 ಮಂದಿಯನ್ನೂ ಸೇರಿಸಿಕೊಂಡರು. ತಲೆಗೆ ಪೆಟ್ಟು ಬಿದ್ದವರಲ್ಲಿ ಹೆಂಗಸರ ತೊಂದರೆಗಳು ಗಂಡಸರವಕ್ಕಿಂತ ಹೆಚ್ಚಾಗಿದ್ದುವು. 35ರಿಂದ 49 ವಯಸ್ಸಿನವರಲ್ಲಿ ಮತ್ತೂ ಹೆಚ್ಚು. ಮತ್ತೊಂದು ಗುಂಪಿನಲ್ಲಿ ಈ ಭೇದ ಕಾಣಲಿಲ್ಲ. ದೊಡ್ಡದು ಮಾಡಿ ಹೇಳುವುದೇ ಸ್ವಭಾವವಾಗಿದ್ದರೆ ಮುರಿದ ಕಾಲನ್ನೇಕೆ ಬಿಟ್ಟರು?

ಹಾಗಾದರೆ ಮೈಯಲ್ಲಿಯೇ ಭೇದವಿದೆಯೆ? ಇದ್ದೀತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ನರಕೋಶಗಳನ್ನು ಪರೀಕ್ಷಿಸಿದಾಗ ಹೆಣ್ಣಿನ ನರತಂತುಗಳು ಗಂಡಿನವಕ್ಕಿಂತ ಸಣ್ಣವಾಗಿದ್ದುವು. ಎಳೆತಕ್ಕೆ ಹೆಚ್ಚು ಹಾನಿಗೊಂಡುವು. ಋತುಚಕ್ರದ ಯಾವ ಭಾಗದಲ್ಲಿ ಪೆಟ್ಟು ಬಿದ್ದಿತೆಂಬುದರ ಮೇಲೂ ಚೇತರಿಕೆ ವ್ಯತ್ಯಾಸವಾಗಬಹುದೆಂದು 2014ರ ಒಂದು ಅಧ್ಯಯನ ತೋರಿಸಿತು. ಕತ್ತಿನ ಬಲವೂ ಲೆಕ್ಕಕ್ಕೆ ಬರುತ್ತದೆ.

ಆದರೆ ಹೆಣ್ಣಿನ ಮೈ ಎಂಬುದು ಒಂದು. ಹೆಣ್ಣೆಂದು ಲೋಕ ನಡೆಸಿಕೊಳ್ಳುವ ರೀತಿ ಮತ್ತೊಂದು. ಎರಡನೆಯದರ ಲೆಕ್ಕವನ್ನು ಯಾರೂ ಕೇಳುವುದಿಲ್ಲವೆಂಬುದೇ ನನ್ನ ತಕರಾರು. ಅಮೆರಿಕದ ಮಿಷಿಗನ್ ರಾಜ್ಯದ ಪ್ರೌಢಶಾಲೆಗಳ ಫುಟ್‌ಬಾಲ್ ಆಟಗಾರರ ಲೆಕ್ಕ 2021ರಲ್ಲಿ ಹೊರಬಂತು. ಹುಡುಗಿಯರಿಗೆ ಕನ್‌ಕಷನ್ ಆಗುವ ಸಂಭವ ಹುಡುಗರ 1.88ರಷ್ಟು. ಹೀಗಿದ್ದೂ, ಪೆಟ್ಟು ತಿಂದವರಲ್ಲಿ ಕೂಡಲೆ ಆಟದಿಂದ ಹೊರಗೆ ಕರೆಸಲ್ಪಡುವ ಸಂಭವ ಹುಡುಗರಿಗೇ ಒಂದೂವರೆಪಟ್ಟು! ಹೊರಗೆ ಬಾರದಿದ್ದರೆ ಏನಾಗುತ್ತದೆ? 2016ರ ಒಂದು ಅಧ್ಯಯನದಲ್ಲಿ, ಪೆಟ್ಟು ಬಿದ್ದೊಡನೆ ಆಟ ನಿಲ್ಲಿಸಿದ ತರುಣರು ಸರಾಸರಿ 22 ದಿನಗಳಲ್ಲಿ ಗುಣವಾದರು. ಆಟ ಮುಂದುವರಿಸಿದವರಿಗೆ 44 ದಿನ ಹಿಡಿಯಿತು. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯವರು 2019ರಲ್ಲಿ ಇನ್ನೂ ಮುಖ್ಯವಾದುದನ್ನು ಹೇಳಿದರು. ಹುಡುಗಿಯರು ತಜ್ಞರ ಬಳಿಗೆ ತಡವಾಗಿ ಬರುತ್ತಾರೆ, ತಡವಾಗಿ ಗುಣವಾಗುತ್ತಾರೆ. ಏಳು ದಿನಗಳೊಳಗೆ ಬಂದವರನ್ನಷ್ಟೇ ನೋಡಿದರೆ ಹುಡುಗ ಹುಡುಗಿಯರ ಅಂತರವೇ ಇಲ್ಲ.

ಇದನ್ನು ಓದಿದ ದಿನ ಆ ಗೌರಿಹಬ್ಬದ ಒಲೆ ನನ್ನ ಕಣ್ಣಮುಂದೆ ಬಂತು. ಇಲ್ಲಿ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಅಮ್ಮನ ಮೇಲೆ ತಪ್ಪು ಹೊರಿಸುವಂತಿಲ್ಲ. ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೆ ಮರುದಿನದಿಂದಲೇ ಕಬಡ್ಡಿ ಬಂದ್. ನೋವನ್ನು ಹೇಳಿದ ಹುಡುಗನಿಗೆ ವಿಶ್ರಾಂತಿ ದೊರೆಯುತ್ತದೆ. ಹೇಳಿದ ಹುಡುಗಿಯ ಆಟವೇ ಹೋಗುತ್ತದೆ. ಹೀಗಿರುವಾಗ ನಾವು ಬಾಯಿ ಬಿಟ್ಟೇವೆಯೆ?

ಮೈದಾನದ ಹೊರಗೆ ಈ ಮೌನ ಇನ್ನೂ ಗಾಢವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ದೌರ್ಜನ್ಯವನ್ನು ಅನುಭವಿಸಿದವರು. ಆ ಏಟುಗಳಲ್ಲಿ ತಲೆಗೆ ಬೀಳುವವೂ ಇರುತ್ತವೆ. ಅಲ್ಲಿ ಶಿಳ್ಳೆ ಊದಿ ಆಟ ನಿಲ್ಲಿಸುವ ತೀರ್ಪುಗಾರರಿಲ್ಲ. “ಯಾಕೋ ಈಚೆಗೆ ಮರೆವು ಜಾಸ್ತಿ” ಎನ್ನುವ ಚಿಕ್ಕಮ್ಮನನ್ನು, ಏಕೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕಾಲೇಜಿನ ಹಿರಿಯರಲ್ಲಿ ನನ್ನ ವಿಜ್ಞಾಪನೆ ದೊಡ್ಡದಲ್ಲ. ತಲೆಗೆ ಪೆಟ್ಟು ಬಿದ್ದವರು, ಗಂಡಾಗಲಿ ಹೆಣ್ಣಾಗಲಿ, ಅಂದು ಮತ್ತೆ ಅಂಕಣಕ್ಕಿಳಿಯಬಾರದೆಂಬ ನಿಯಮವೊಂದು ಬರಹದಲ್ಲಿರಲಿ. ಮನೆಗೊಂದು ಚೀಟಿ ಹೋಗಲಿ: ವೈದ್ಯರಿಗೆ ತೋರಿಸಿರಿ, ಒಂದೆರಡು ದಿನ ಓದು, ಮೊಬೈಲು, ಮನೆಗೆಲಸ ಕಡಮೆಯಿರಲಿ, ಆಮೇಲೆ ಮೆಲ್ಲಗೆ ನಡೆದಾಡಲಿ. (ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದನ್ನೂ ಈಗಿನ ವೈದ್ಯರು ಒಪ್ಪುವುದಿಲ್ಲ.) “ಗುಣವಾದ ಮೇಲೆ ಆಟಕ್ಕೆ ಕಳುಹಿಸಿರಿ” ಎಂಬ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯಬೇಕು.

ಕಳೆದ ತಿಂಗಳು ಮೊದಲ ವರ್ಷದ ಹುಡುಗಿಯೊಬ್ಬಳು ಅಭ್ಯಾಸದಲ್ಲಿ ತಲೆ ತಗಲಿಸಿಕೊಂಡಳು. ಹೊರಗೆ ಕೂರಿಸಿದೆವು. “ಅಕ್ಕಾ, ಮನೇಲಿ ಹೇಳ್ಬೇಡಿ” ಎಂದಳು. ವೈದ್ಯರಿಗೆ ತೋರಿಸಿ, ನಾನೇ ಅವಳೊಡನೆ ಮನೆಗೆ ಹೋದೆ. ಅವಳ ತಾಯಿ ಎಲ್ಲವನ್ನೂ ಕೇಳಿ, “ಹಾಗಾದ್ರೆ ಆಟ ಬಿಡಿಸ್ಬೇಕೇನಮ್ಮ?” ಎಂದರು. “ಆಟ ಬೇಡಿ, ಸದ್ಯಕ್ಕೆ ಪಾತ್ರೆ ತೊಳೆಯೋದು ಬಿಡಿಸಿ ಸಾಕು” ಎಂದೆ. ಹದಿನೈದನೆಯ ದಿನ ಅವಳು ವೈದ್ಯರ ಒಪ್ಪಿಗೆಯೊಂದಿಗೆ ಮೈದಾನಕ್ಕೆ ಬಂದಳು. ಆ ದಿನಗಳಲ್ಲಿ ಪಾತ್ರೆಯನ್ನು ಅವಳ ಅಣ್ಣ ತೊಳೆದನೋ ಇಲ್ಲವೋ, ನಾನಿನ್ನೂ ವಿಚಾರಿಸಿಲ್ಲ.