ಕಾನೂನಿಗೆ ಸಾಕು, ಕಷ್ಟಕ್ಕೆ ಸಾಲದು

ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊನ್ನೆ ದೂರವಾಣಿಯಲ್ಲಿ ಮಾತನಾಡಿದನು. ಕಾರು ಕೊಂಡ ಸಂತೋಷವನ್ನು ಹೇಳಿಕೊಂಡ ಮೇಲೆ, "ವಿಮೆಯನ್ನೂ ಮಾಡಿಸಿದೆ ಸಾರ್. ಕಾನೂನು ಕೇಳುವಷ್ಟು ಮಾತ್ರ. ಹೆಚ್ಚಿಗೆ ಏಕೆ ತೆರಬೇಕು?" ಎಂದನು. ಮೈಸೂರಿನಲ್ಲಿರುವ ತಂದೆತಾಯಿಗಳ ಮನೆಸಾಲದ ಕಂತು ತೀರುವುದು ಅವನ ಸಂಬಳದಿಂದ. ಆದುದರಿಂದ ಅವನ ಮಿತವ್ಯಯವನ್ನು ಮೆಚ್ಚುವುದಕ್ಕೆ ಬದಲು ನಾನು ಹೆದರಿದೆನು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಮೂರನೆಯವರ ವಿಮೆ ಕಡ್ಡಾಯ. ನಮ್ಮ ವಾಹನದಿಂದ ದಾರಿಹೋಕನು ಗಾಯಗೊಂಡರೆ ಅಥವಾ ಮಡಿದರೆ, ಕೊಡಬೇಕಾದ ಪರಿಹಾರಕ್ಕೆ ಆ ವಿಮೆಯಲ್ಲಿ ಮೇಲ್ಮಿತಿಯಿಲ್ಲ. ಈ ಅಭ್ಯಾಸದಲ್ಲಿ ಬೆಳೆದವರು ಅಮೆರಿಕದಲ್ಲಿ ಮೋಸಹೋಗುವುದು ಸುಲಭ.

ಅಲ್ಲಿ ರಾಜ್ಯಕ್ಕೊಂದು ಕಾನೂನು. ನ್ಯೂ ಹ್ಯಾಂಪ್‌ಷೈರ್ ರಾಜ್ಯವು ಸಾಮಾನ್ಯ ಚಾಲಕರಿಗೆ ವಿಮೆಯನ್ನು ಕಡ್ಡಾಯ ಮಾಡಿಯೇ ಇಲ್ಲ. ಕ್ಯಾಲಿಫೋರ್ನಿಯದ ಕನಿಷ್ಠ ಮೊತ್ತವೆಂದರೆ, ಒಬ್ಬರ ಗಾಯ ಅಥವಾ ಮರಣಕ್ಕೆ 30,000 ಡಾಲರು. ಒಂದು ಅಪಘಾತದಲ್ಲಿ ನೊಂದವರೆಲ್ಲರಿಗೂ ಸೇರಿ 60,000. ಪರರ ಸ್ವತ್ತಿನ ಹಾನಿಗೆ 15,000. ಇದಾದರೂ 2025ರ ಜನವರಿಯಲ್ಲಿ ಏರಿಸಿದ ಮೊತ್ತ. ಅದಕ್ಕೆ ಮೊದಲು ದಶಕಗಳ ಕಾಲ 15,000, 30,000 ಮತ್ತು 5,000 ಎಂದೇ ಇದ್ದಿತು.

ಒಂದು ಲೆಕ್ಕ ಹಾಕೋಣ. ನಮ್ಮ ಹುಡುಗನ ತಪ್ಪಿನಿಂದ ಒಬ್ಬನ ಕಾಲು ಮುರಿದು, ಪರಿಹಾರ 80,000 ಡಾಲರೆಂದು ನಿರ್ಣಯವಾಯಿತೆನ್ನಿ. ವಿಮೆಯವರು 30,000 ಕೊಟ್ಟು ಕೈತೊಳೆದುಕೊಳ್ಳುವರು. ಉಳಿದ 50,000 ಅವನ ತಲೆಯ ಮೇಲೆ. ತೀರ್ಪಾದ ಮೇಲೆ ಉಳಿತಾಯವಷ್ಟೇ ಅಲ್ಲ, ಸಂಬಳದ ಒಂದು ಪಾಲೂ ಜಫ್ತಿಯಾಗಬಹುದು. ಮೈಸೂರಿನ ಕಂತಿನ ಗತಿಯೇನು?

ಆದುದರಿಂದ ವಿಮೆಯ ಮಿತಿಯನ್ನು ಗೊತ್ತುಮಾಡುವಾಗ ಕಾನೂನಿನ ಅಂಕಿಯನ್ನಲ್ಲ, ತಾನು ಕಳೆದುಕೊಳ್ಳಬಹುದಾದುದನ್ನು ನೋಡಬೇಕು. ಒಬ್ಬರಿಗೆ ಒಂದು ಲಕ್ಷ, ಅಪಘಾತವೊಂದಕ್ಕೆ ಮೂರು ಲಕ್ಷ ಡಾಲರಿನ ವಿಮೆ ಅಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಇನ್ನೊಂದು ಮಾತು: ಕನಿಷ್ಠ ವಿಮೆಯು ಪರರಿಗಾಗಿ ಮಾತ್ರ. ವಿಮೆಯಿಲ್ಲದವನು ಬಂದು ನಮಗೆ ಗುದ್ದಿದರೆ ಅದಕ್ಕೆ ಬೇರೆಯೇ ರಕ್ಷಣೆಯುಂಟು. ಅದನ್ನು ಬೇಡವೆಂದು ಬರೆದುಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕು. ತನ್ನ ಕಾರಿನ ಹಾನಿಗೂ ಪ್ರತ್ಯೇಕ ವಿಮೆ ಬೇಕು.

"ಹಾಗಾದರೆ ಉಳಿತಾಯಕ್ಕೆ ದಾರಿಯೇ ಇಲ್ಲವೇ ಸಾರ್?" ಎಂದನು. ಇದೆ. ತನ್ನ ಕಾರು ಜಖಂಗೊಂಡಾಗ ಮೊದಲಿಗೆ ಕೈಯಿಂದ ಭರಿಸುವ ಮೊತ್ತವನ್ನು, ಕೈಲಾಗುವಷ್ಟು, ಹೆಚ್ಚಿಸಿಕೊಂಡರೆ ಕಂತು ಇಳಿಯುತ್ತದೆ. ಸಣ್ಣ ನಷ್ಟವನ್ನು ಸಂಬಳ ತಡೆದೀತು. ದೊಡ್ಡದಕ್ಕೇ ಅಲ್ಲವೇ ವಿಮೆ?

ಮರುದಿನ ಅವನಿಂದ ಎರಡೇ ಸಾಲು ಬಂದವು: "ಮಿತಿಯನ್ನು ಏರಿಸಿದೆ ಸಾರ್. ಅಮ್ಮನಿಗೆ ಈ ಲೆಕ್ಕ ಹೇಳಬೇಡಿ."