ಅಮೆರಿಕದಲ್ಲಿರೋನ ಬದು ಯಾರು ಕಾಯಬೇಕು?

"ಅವನು ಅಮೆರಿಕದಲ್ಲಿದ್ದಾನೆ ಬಿಡಪ್ಪ, ಬಂದು ಏನ್ ಕಿತ್ಕೋತಾನೆ?"

ಈ ಮಾತನ್ನ ನಮ್ಮೂರ ಅರಳಿಕಟ್ಟೆ ಮೇಲೂ ಕೇಳಿದೀನಿ, ಬೆಂಗಳೂರು ಬಸವನಗುಡಿಯ ಒಂದು ಕಾಂಪೌಂಡಿನ ಮುಂದೂ ಕೇಳಿದೀನಿ. ಎರಡೂ ಕಡೆ ಹೇಳಿದೋರ ಮುಖದಲ್ಲಿ ಒಂದೇ ಥರದ ನಗು. ಇವತ್ತಿನ ಟಿಪ್ಪಣಿ ಆ ನಗುವಿನ ಮೇಲೆ. ಉದ್ದ ಇದೆ, ಕೆಲಸ ಮುಗಿಸಿ ಕೂತು ಓದಿ. ಒಪ್ಪದಿದ್ದರೆ ಜಗಳ ಆಡಿ, ಆದರೆ ಪೂರ್ತಿ ಓದಿ ಆಡಿ.

ಮೊದಲು ಬಸವನಗುಡಿ ವಿಷಯ. ಗಾಂಧಿ ಬಜಾರಿಗೆ ನಾನು ಅವರೆಕಾಯಿ, ಬಾಳೆ ಎಲೆ ಹಾಕೋದು ಇಪ್ಪತ್ತು ವರ್ಷದಿಂದ. ಅಲ್ಲೇ ಹತ್ತಿರದ ಒಂದು ಹಳೇ ಮನೆ ಅಜ್ಜಿ ನನ್ನ ಖಾಯಂ ಗಿರಾಕಿ. ಅಜ್ಜಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಒಬ್ಬನೇ ಮಗ, ಅಮೆರಿಕದಲ್ಲಿದ್ದಾರೆ. ಪಕ್ಕದ ಮನೆಯವರು ತಮ್ಮ ಮನೆ ಕೆಡವಿ ಪಿಜಿ ಎಬ್ಬಿಸಿದರು. ಬಿಡಬೇಕಾದ ಜಾಗ ಬಿಡಲಿಲ್ಲ. ಗೋಡೆ ಕಾಂಪೌಂಡಿಗೇ ಅಂಟಿತು, ಸಜ್ಜ ಅಜ್ಜಿ ಮನೆ ಕಡೆ ಚಾಚಿತು, ಬಚ್ಚಲು ಪೈಪು ಅಜ್ಜಿಯ ತೆಂಗಿನ ಬುಡಕ್ಕೆ ಬಂತು. ಆಮೇಲೆ ಗೇಟಿನ ಬೀಗ ಹೋಯ್ತು, ಪಿಜಿ ಹುಡುಗರ ಬೈಕು ಒಳಗೆ ನಿಂತವು.

ಮಗ ಅಲ್ಲಿಂದ ಫೋನ್ ಮಾಡಿದರೆ "ನೀವು ಊರಿಗೆ ಬಂದಾಗ ಮಾತಾಡೋಣ ಸಾರ್" ಅಂತ ಉತ್ತರ. ದೂರು ಬರೆದು ಕಳಿಸಿದರೆ "ಖುದ್ದು ಬನ್ನಿ" ಅಂತ ಕಚೇರಿಯ ಉತ್ತರ. ಎರಡು ವಾರ ರಜ ಹಾಕಿ ಬಂದರು. ಅದರಲ್ಲಿ ಅರ್ಧ, ಯಾವ ಟೇಬಲ್ಲಿಗೆ ಹೋಗಬೇಕು ಅಂತ ತಿಳ್ಕೊಳ್ಳೋದರಲ್ಲೇ ಹೋಯ್ತು. ಗೋಡೆ ಯಾವಾಗ ಎದ್ದಿತು, ಬೀಗ ಯಾವಾಗ ಹೋಯ್ತು ಅಂತ ಬರೆದು ಸಹಿ ಹಾಕಿಕೊಡಿ ಅಂತ ಬೀದಿಯಲ್ಲಿ ಕೇಳಿದರು. ಎದುರು ಮನೆಯವರು ನೋಡಿದ್ದರು, ಅಂಗಡಿಯವರು ನೋಡಿದ್ದರು, ಇಸ್ತ್ರಿ ಗಾಡಿಯವರು ನೋಡಿದ್ದರು. ಸಹಿ ಮಾತ್ರ ಒಂದೂ ಇಲ್ಲ. "ನಮಗ್ಯಾಕೆ ಸಾರ್" ಅಂದರು. ಕೊನೆಗೆ ಅವರೆಕಾಯಿ ಮಾರೋ ನಾನು ಸಹಿ ಹಾಕಿದೆ.

ಈಗ ನೀವು ಹೇಳ್ತೀರ, ಪೇಟೆಯೋರೇ ಹಂಗೆ ಅಂತ. ತಡೀರಿ. ಬಸವನಗುಡಿ ಅಂದರೆ ಏನು? ಸುಂಕೇನಹಳ್ಳಿ ಸುತ್ತಿನ ಕಡಲೆಕಾಯಿ ಹೊಲ. 1898ರ ಪ್ಲೇಗಿನ ಕಾಲಕ್ಕೆ ಅಲ್ಲಿ ಬಡಾವಣೆ ಎದ್ದಿದ್ದು. ಇವತ್ತೂ ಕಾರ್ತೀಕದ ಕೊನೇ ಸೋಮವಾರ ಪರಿಷೆಗೆ ನಾವು ಮೂಟೆ ಹೊತ್ತು ಹೋಗ್ತೀವಲ್ಲ, ಅದರ ಕಥೆ ಏನು? ಬಸವ ಬಂದು ರೈತರ ಕಡಲೆಕಾಯಿ ಮೇಯ್ತಿತ್ತು ಅಂತ ತಾನೆ? ಅವತ್ತು ರಾತ್ರಿಯೆಲ್ಲ ಎದ್ದಿದ್ದು ಹೊಲ ಕಾದರು ಅಂತಾರೆ. ಇವತ್ತಿನ ಬಸವ ಕಾಂಪೌಂಡು ಮೇಯುತ್ತೆ, ಬದು ಮೇಯುತ್ತೆ. ಕಾಯೋರು ಮಾತ್ರ ಇಲ್ಲ.

ನಮ್ಮೂರಲ್ಲಿ ಏನ್ ಕಮ್ಮಿ ನಡೀತಿದೆ? ಹೊರದೇಶಕ್ಕೆ ಹೋದೋನ ಹೊಲದ ಪಕ್ಕ ಪ್ರತಿ ಮಳೆಗಾಲ ಒಂದು ಸಾಲು ಆ ಕಡೆಗೆ ಉಳೋದು. ಐದು ವರ್ಷಕ್ಕೆ ಬದು ಜರುಗಿರುತ್ತೆ, ಬಾಂದು ಕಲ್ಲು ಯಾರದೋ ಮನೆ ಮುಂದೆ ಬಟ್ಟೆ ಒಗೆಯೋ ಕಲ್ಲಾಗಿರುತ್ತೆ. ಟ್ರ್ಯಾಕ್ಟರ್ ಹೊಡೆಯೋನಿಗೆ ಗೊತ್ತು, ಕಳೆ ಕೀಳೋ ಹೆಣ್ಮಕ್ಕಳಿಗೆ ಗೊತ್ತು, ಊರಿಗೇ ಗೊತ್ತು. ಸರ್ವೆಯೋರು ಬಂದ ದಿನ ಯಾರಿಗೂ ಗೊತ್ತಿಲ್ಲ.

ಇದಕ್ಕೆ ನಮ್ಮೋರು ಕೊಡೋ ಸಮಜಾಯಿಷಿ ಮೂರು. ಒಂದೊಂದಾಗಿ ನೋಡೋಣ.

ಮೊದಲನೇದು, "ಉಳುವವನೇ ಒಡೆಯ ಅಂತ ಕಾನೂನೇ ಇದೆಯಲ್ಲ." ಆ ಮಾತನ್ನ ಇಲ್ಲಿಗೆ ಎಳೀಬೇಡಿ. 1974ರ ತಿದ್ದುಪಡಿ ಬಂದದ್ದು ಗೇಣಿದಾರರಿಗೆ. ಬೇರೆಯೋರ ಜಮೀನನ್ನ ಗೇಣಿಗೆ ಮಾಡಿ, ಬೆಳೆದಿದ್ದರಲ್ಲಿ ಪಾಲು ಅಳೆದು ಕೊಟ್ಟು ಬೆನ್ನು ಬಾಗಿದೋರಿಗೆ. ಅವರು ರಾಜಾರೋಷವಾಗಿ ಅರ್ಜಿ ಹಾಕಿ, ನ್ಯಾಯಮಂಡಳಿ ಮುಂದೆ ನಿಂತು ಹಕ್ಕು ತಗೊಂಡರು. ಕತ್ತಲಲ್ಲಿ ಬಾಂದು ಕಲ್ಲು ಕಿತ್ತೋನು ಅವರ ಹೆಸರು ಹೇಳೋದು ಆ ಹಿರಿಯರಿಗೆ ಮಾಡೋ ಅವಮಾನ.

ಎರಡನೇದು, "12 ವರ್ಷ ಅನುಭವದಲ್ಲಿದ್ದರೆ ನಮ್ಮದೇ." ಇದು ಅರ್ಧ ಸತ್ಯ, ಅದಕ್ಕೇ ಅಪಾಯ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಲೆಕ್ಕ ಇರೋದು ನಿಜ. ಆದರೆ ಸುಮ್ಮನೆ ಕೂತಿದ್ದರೆ ಹಕ್ಕು ಹುಟ್ಟಲ್ಲ. ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ ಇದ್ದೆ ಅಂತ ತೋರಿಸಬೇಕು. ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. 2008ರಲ್ಲಿ ಇನ್ನೊಂದು ಕೇಸಿನಲ್ಲಿ, ಈ ಕಾನೂನೇ ನ್ಯಾಯಕ್ಕೆ ಸರಿ ಹೊಂದಲ್ಲ, ಸರ್ಕಾರ ಮತ್ತೆ ನೋಡಬೇಕು ಅಂತಲೂ ಹೇಳಿತು. ಅನುಮತಿ ಮೇಲೆ ಇದ್ದೋನಿಗಂತೂ ಈ ಹಕ್ಕು ಇಲ್ಲವೇ ಇಲ್ಲ.

ಮೂರನೇದು, "ಎಲ್ಲಾ ಸಕ್ರಮ ಆಗುತ್ತೆ ಬಿಡಿ." ಪೇಟೆಯೋರು ಇದನ್ನೇ ನೆಚ್ಚಿಕೊಂಡಿದ್ದಾರೆ. ನಗರದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದೂ ಹೋಗಲಿ, ಆ ಯೋಜನೆ ಇದ್ದದ್ದು ನಿನ್ನ ಸೈಟಿನಲ್ಲಿ ನೀನು ಮಿತಿಯೊಳಗೆ ಮಾಡಿದ ತಪ್ಪಿಗೆ. ಪಕ್ಕದೋನ ಜಾಗಕ್ಕೆ ಕಾಲು ಚಾಚಿದ್ದನ್ನ ದಂಡ ಕಟ್ಟಿ ಸಕ್ರಮ ಮಾಡ್ಕೊಳ್ಳೋಕೆ ಅಲ್ಲ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತೆ: "ಅವರಿಗೇನು, ಡಾಲರ್ ಎಣಿಸ್ತಾರೆ." ಅಣ್ಣಂದಿರೇ, ನಮ್ಮ ಹಟ್ಟಿ ಕಡೆ ಒಮ್ಮೆ ನೋಡಿ. ನನ್ನ ಮಗ ಕತಾರ್‌ನಲ್ಲಿ ಏಸಿ ರಿಪೇರಿ ಮಾಡ್ತಾನೆ. ಆ ಬಿಸಿಲಲ್ಲಿ ದುಡಿದು ಕಳಿಸಿದ ದುಡ್ಡಲ್ಲೇ ನನ್ನ ಬೋರ್‌ವೆಲ್ ಮೋಟಾರು ಬಂದಿದ್ದು. ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ದುಬೈ, ಕುವೈತ್, ಜರ್ಮನಿಯಲ್ಲಿದ್ದಾರೆ. ಹೊರದೇಶದಲ್ಲಿರೋ ಭಾರತೀಯ ಇಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನ ಇಟ್ಟುಕೊಳ್ಳಬಹುದು. ಅಂದರೆ ಅಲ್ಲಿರೋವರೆಗೂ ಒಂದು ಗುಂಟೆ ಕಳಕೊಂಡರೆ ಇನ್ನೊಂದು ಗುಂಟೆ ಕೊಳ್ಳೋಕಾಗಲ್ಲ. ನನ್ನ 2 ಎಕರೆ 10 ಗುಂಟೆ ನಾಳೆ ಅವನದು. ನಾನು ಹೋದ ಮಾರನೇ ದಿನ ಅರಳಿಕಟ್ಟೆ ಮೇಲೆ ಅದೇ ನಗು ಎದ್ದೇಳುತ್ತೆ.

ಹೊರಗಿರೋರಿಗೂ ಎರಡು ಬಿರುಸು ಮಾತು ಇದೆ. ವರ್ಷಕ್ಕೊಂದು ಸಲ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆಯಾ" ಅಂದರೆ ಬೇಲಿ ಹಾಕಿದ ಹಾಗಲ್ಲ. ನೀವು ಹೊರದೇಶದಲ್ಲಿದ್ದೀರ ಅಂತ ಆ 12 ವರ್ಷದ ಲೆಕ್ಕ ನಿಲ್ಲೋದೂ ಇಲ್ಲ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಜಮೀನಿಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಕಲ್ಲು ನೆಡಿಸಿ. ಮನೆ, ಸೈಟಾದರೆ ತೆರಿಗೆ ರಸೀದಿ, ಖಾತೆ ನಿಮ್ಮ ಹೆಸರಲ್ಲೇ ಇರಲಿ. ನಂಬಿಕಸ್ತರೊಬ್ಬರಿಗೆ ಮುಖ್ತಿಯಾರ್ ಪತ್ರ ಬರೆದುಕೊಡಿ. ಅದರಲ್ಲಿ ದೂರು, ಸರ್ವೆ, ಕೋರ್ಟು ಇಷ್ಟಕ್ಕೇ ಅಧಿಕಾರ ಇರಲಿ, ಮಾರೋ ಅಧಿಕಾರ ಬೇಡ. ಅಲ್ಲಿನ ನಮ್ಮ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಿ. ಪಕ್ಕದೋನು ಅಡಿಪಾಯ ತೋಡೋವಾಗಲೇ ದೂರು ಕೊಡಿ, ಮೂರನೇ ಮಹಡಿ ಮೋಲ್ಡ್ ಆದ ಮೇಲೆ ಅತ್ತರೆ ಯಾರೂ ಕೇಳಲ್ಲ.

ಆದರೆ ಇದೆಲ್ಲ ಮಾಡಿದರೂ ಸಾಕಾಗಲ್ಲ, ಬಸವನಗುಡಿಯಲ್ಲಿ ನಾನು ಕಂಡದ್ದು ಅದೇ. ಅಜ್ಜಿ ಮಗನ ಹತ್ತಿರ ಕಾಗದ ಎಲ್ಲಾ ಸರಿಯಾಗಿತ್ತು. ಇಲ್ಲದಿದ್ದದ್ದು ಬೀದಿಯ ಬಾಯಿ. ದೂರದಲ್ಲಿರೋನ ಜಾಗ ನುಂಗೋಕೆ ಪಕ್ಕದೋನ ದುರಾಸೆ ಒಂದೇ ಸಾಲಲ್ಲ, ನಮ್ಮೆಲ್ಲರ ಮೌನವೂ ಸೇರಬೇಕು. ಸರ್ವೆಯೋರು ಬಂದು ಅಳೀತಾರೆ, ಮಹಜರು ಬರೀತಾರೆ. ಅದರ ಕೆಳಗೆ ಸಹಿ ಹಾಕೋರು ಯಾರು? ನಾವೇ. ಆ ಸಹಿಗೆ ಹೆದರಿ ಹೊಲದಿಂದ ಜಾರಿಕೊಳ್ಳೋನು, ಬದು ಒತ್ತಿದೋನಿಗೆ ನೊಗದ ಇನ್ನೊಂದು ತುದಿ ಹಿಡಿದ ಹಾಗೆ.

ಅದಕ್ಕೇ ನಮ್ಮ ಸುತ್ತಿನ ಊರಿನೋರಿಗೆ ನನ್ನ ಒತ್ತಾಯ ಇಷ್ಟೇ. ಹೊರಗಿರೋರ ಹೊಲದಲ್ಲಿ ಬದು ಕೆಡವೋದು ಕಂಡರೆ ಅವತ್ತೇ ಒಂದು ಫೋಟೋ ತೆಗೆದು, ತಾರೀಕು ಹಾಕಿ ಅವರಿಗೆ ಕಳಿಸಿ. ಸರ್ವೆಗೆ ಅಕ್ಕಪಕ್ಕದೋರಿಗೆ ನೋಟಿಸು ಬಂದರೆ ತಪ್ಪಿಸಬೇಡಿ, ಹೋಗಿ ನಿಲ್ಲಿ. ಕಂಡದ್ದನ್ನ ಕಂಡ ಹಾಗೆ ಹೇಳಿ, ಓದಿಸಿಕೊಂಡು ಸಹಿ ಹಾಕಿ. ಒತ್ತಿದೋನು ನಮ್ಮ ಜಾತಿಯೋನೇ ಇರಲಿ, ನೆಂಟನೇ ಇರಲಿ. ಅವನು ನಾಲ್ಕು ದಿನ ಮುನಿಸ್ಕೋತಾನೆ. ಆದರೆ ಇವತ್ತು ನಾವು ಹಾಕದ ಸಹಿ, ನಾಳೆ ನಮ್ಮ ಮಕ್ಕಳು ಅಲ್ಲಿಂದ ಓಡಿ ಬಂದು ಕೈ ಮುಗಿದರೂ ಇಲ್ಲಿ ಸಿಗಲ್ಲ.