ಬೈಸಿಕಲ್ಲಿನ ಚೀಲ ಮತ್ತು ನನ್ನ ತಪ್ಪು ಲೆಕ್ಕ

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದವನಿಗೆ ತ್ರಿಭುಜವನ್ನು ಗುರುತಿಸಲು ಬಾರದು ಎಂದರೆ ಓದುಗರು ನಗಬಹುದು. ನಗಲಿ. ನಕ್ಕ ಮೇಲೆ ನನ್ನ ಮಾತನ್ನೂ ಕೊಂಚ ಕೇಳಲಿ.

ನಿವೃತ್ತನಾದ ಮೇಲೂ ನಾನು ಬೈಸಿಕಲ್ಲನ್ನು ಬಿಟ್ಟಿಲ್ಲ. ವಾಚನಾಲಯದಿಂದ ಪುಸ್ತಕಗಳನ್ನು ತರಬೇಕು. ಕ್ಯಾರಿಯರ್ ಮೇಲಿಟ್ಟರೆ ಜಾರುತ್ತವೆ. ಹ್ಯಾಂಡಲಿಗೆ ಚೀಲ ತೂಗುಹಾಕಿದರೆ ಅದು ಓಲಾಡಿ ಮುಂದಿನ ಚಕ್ರಕ್ಕೆ ತಾಗುತ್ತದೆ. ಆದರೆ ಬಾರಿನ ಕೆಳಗೆ, ಫ್ರೇಮಿನ ನಡುವೆ, ಒಳ್ಳೆಯ ಜಾಗವೊಂದು ಬರಿದೇ ಇದೆ. ಅಲ್ಲಿ ಭಾರ ಕೆಳಗೂ ನಡುವೆಯೂ ನಿಲ್ಲುವುದರಿಂದ ಗಾಡಿಯ ತೂಕ ಅತ್ತಿತ್ತ ವಾಲದು. ಅಂಗಡಿಯ ಚೀಲಗಳು ಎಲ್ಲ ಬೈಸಿಕಲ್ಲಿಗೂ ಒಪ್ಪಲೆಂದು ಮಾಡಿದವು. ಅದಕ್ಕೆಂದೇ ನನ್ನ ಹಳೆಯ ಎತ್ತರದ ಗಾಡಿಗೆ ಒಂದೂ ಒಪ್ಪಲಿಲ್ಲ. ನಾನೇ ಹೊಲಿಯುವೆನೆಂದು ಕುಳಿತೆ.

ಫ್ರೇಮು ತ್ರಿಭುಜವೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ತರಗತಿಯಲ್ಲಿ ಅದನ್ನೇ ಉದಾಹರಣೆಯಾಗಿ ಎಷ್ಟೋ ಸಲ ಕೊಟ್ಟಿದ್ದೆ. ಮೂರು ಭುಜಗಳ ಅಳತೆ ತಿಳಿದರೆ ತ್ರಿಭುಜ ನಿಶ್ಚಿತ. ಅಳೆದೆ, ಕಾಗದದ ಮೇಲೆ ರಚಿಸಿದೆ, ಕ್ಯಾನ್ವಾಸ್ ಕತ್ತರಿಸಿ ಹೊಲಿದೆ. ಮುಂದಿನ ಮೂಲೆ ಕೂಡಲೇ ಇಲ್ಲ. ಬಟ್ಟೆ ಹಾಳಾಯಿತು.

ನಮ್ಮ ಬೀದಿಯ ದರ್ಜಿ ನನ್ನ ಹಳೆಯ ವಿದ್ಯಾರ್ಥಿ. ನನ್ನ ವಿಷಯದಲ್ಲಿ ನಪಾಸಾದವನು. "ನಿನ್ನ ತಲೆಗೆ ಇದು ಹತ್ತುವುದಿಲ್ಲ" ಎಂದು ತರಗತಿಯ ಎದುರಿಗೇ ಅವನಿಗೆ ನಾನು ಹೇಳಿದ್ದುಂಟು. ಚೀಲವನ್ನು ಹಿಡಿದು ಅವನಲ್ಲಿಗೇ ಹೋಗಬೇಕಾಯಿತು. ಅವನು ಚೀಲವನ್ನು ನೋಡಿದ, ಗಾಡಿಯನ್ನು ನೋಡಿದ.

"ಮೇಷ್ಟ್ರೇ, ಇದಕ್ಕೆ ನಾಲ್ಕು ಬದಿ ಇವೆಯಲ್ಲ? ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯನ್ನು ನೀವು ಬಿಟ್ಟೇಬಿಟ್ಟಿದ್ದೀರಿ."

ನಿಜ. ಅದು ಚತುರ್ಭುಜ. ಚತುರ್ಭುಜದ ನಾಲ್ಕು ಭುಜಗಳು ತಿಳಿದರೂ ಆಕಾರ ನಿಶ್ಚಯವಾಗದು, ಕರ್ಣವೋ ಕೋನವೋ ಬೇಕು. ಇದನ್ನು ಕರಿಹಲಗೆಯ ಮೇಲೆ ಸಾಧಿಸಿದವನು ನಾನು. ಅವನು ಒಂದು ರಟ್ಟನ್ನು ಫ್ರೇಮಿಗೆ ಒತ್ತಿ ಹಿಡಿದು, ಪೆನ್ಸಿಲಿನಿಂದ ಒಳಗಿನ ಅಂಚನ್ನು ಗುರುತಿಸಿಕೊಟ್ಟ. ಸೂತ್ರವಿಲ್ಲದೆ ಉತ್ತರ ಬಂದಿತ್ತು.

ಉಳಿದದ್ದನ್ನೂ ಅವನೇ ಕಲಿಸಿದ. ರಟ್ಟಿನ ಅಳತೆಗಿಂತ ಚೀಲ ಕೊಂಚ ಸಣ್ಣದಿರಬೇಕು; ಹೊಲಿಗೆಗೆಂದು ಸುತ್ತಲೂ 1 ಸೆಂಟಿಮೀಟರ್ ಬಟ್ಟೆ ಬಿಡಬೇಕು. ಎರಡು ಪಕ್ಕಗಳನ್ನು ಕೂಡಿಸುವ ಪಟ್ಟಿ 5–6 ಸೆಂಟಿಮೀಟರಿಗಿಂತ ಅಗಲವಾದರೆ ಪೆಡಲ್ ತುಳಿಯುವಾಗ ಮೊಣಕಾಲಿಗೆ ಉಜ್ಜುತ್ತದೆ. ದಪ್ಪ ಕ್ಯಾನ್ವಾಸಿಗೆ 18ನೆಯ ನಂಬರಿನ ಸೂಜಿ. ಮಳೆಗೆ ಬೇಗ ಕೊಳೆಯುವ ಹತ್ತಿಯ ದಾರವಲ್ಲ, ಪಾಲಿಯೆಸ್ಟರ್ ದಾರ. ನಾಲ್ಕು ಪದರ ಕೂಡುವಲ್ಲಿ ಕಾಲಿನಿಂದ ತುಳಿಯದೆ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಸೂಜಿಯ ಒಂದೊಂದು ತೂತೂ ನೀರಿಗೆ ಬಾಗಿಲು. ಜಿಪ್ಪಿನ ಮೇಲೊಂದು ಬಟ್ಟೆಯ ಮರೆ ಬೇಕು. ಕಟ್ಟುವ ಪಟ್ಟಿಗಳು ಕೆಳಗಿನ ಕೊಳವೆಯ ಗುಂಟ ಹೋಗುವ ಬ್ರೇಕಿನ ಸರಳನ್ನು ಬಿಗಿಯಬಾರದು. ಬಿಗಿದರೆ ಚೀಲ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕೈಗೆಲಸದ ಮೂಲಕ ವಿದ್ಯೆ ಎಂಬ ಮಾತು 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರಿಂದ ಬಂತು. 1964–66ರ ಕೊಠಾರಿ ಆಯೋಗ 'ಕಾರ್ಯಾನುಭವ'ವೆಂದು ಅದನ್ನು ಬೇರೆ ಬಗೆಯಲ್ಲಿ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯಲಿ ಎಂದಿತು. ಮಾತಿಗೆ ಕೊರತೆಯಿಲ್ಲ. ಆದರೆ ವೇಳಾಪಟ್ಟಿಯಲ್ಲಿ ಕೈಗೆಲಸಕ್ಕೆಂದು ಇಟ್ಟ ಅವಧಿ ಏನಾಗುತ್ತಿತ್ತೆಂಬುದನ್ನು ನಾನು ಬಲ್ಲೆ. ಪಾಠ ಮುಗಿದಿಲ್ಲವೆಂದು ಅದನ್ನು ಕೇಳಿ ಪಡೆಯುತ್ತಿದ್ದವರಲ್ಲಿ ನಾನೂ ಒಬ್ಬ. ಆ ಹುಡುಗನಿಗೆ ಜಾಣನೆನಿಸಿಕೊಳ್ಳಲು ವಾರಕ್ಕೊಮ್ಮೆ ಸಿಗುತ್ತಿದ್ದ ಗಂಟೆಯನ್ನು ನಾನು ಕಿತ್ತುಕೊಂಡು, ಅವನು ದಡ್ಡನೆಂದು ತೋರಿಸಲು ಬಳಸಿದೆ.

ಆದುದರಿಂದ ನನ್ನ ಸೂಚನೆ ಇಷ್ಟೇ: ಚೀಲವಿಲ್ಲದ ಆ ಹತ್ತು ದಿನಗಳಲ್ಲಿ ಮಕ್ಕಳು ಒಂದು ಚೀಲ ಹೊಲಿಯಲಿ. ಹುಡುಗರೂ ಹೊಲಿಯಲಿ, ಹುಡುಗಿಯರೂ ಹೊಲಿಯಲಿ. ಪಾಠ ಹೇಳಲು ದರ್ಜಿಯೇ ಬರಲಿ, ಗಣಿತದ ಮೇಷ್ಟರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ.

ಪೇಟೆಯಲ್ಲಿ ಅಗ್ಗವಾಗಿ ಸಿಗುವ ವಸ್ತುವಿಗೆ ಇಷ್ಟು ಶ್ರಮವೇಕೆ, ಎಲ್ಲರೂ ಹೊಲಿದರೆ ದರ್ಜಿಯ ಗತಿಯೇನು ಎಂದು ಕೇಳುವವರಿದ್ದಾರೆ. ನನ್ನ ಚೀಲಕ್ಕೆ ನಾಲ್ಕು ಸಂಜೆಗಳು ಹಿಡಿದವು. ಅಷ್ಟರ ಮೇಲೆ ದರ್ಜಿ ಕೇಳಿದ ಕೂಲಿಗೆ ಚೌಕಾಸಿ ಮಾಡುವ ನಾಲಗೆ ನನಗೆ ಉಳಿದಿಲ್ಲ. ಒಂದು ಚೀಲ ಹೊಲಿದವನು ದರ್ಜಿಯ ಅನ್ನವನ್ನು ಕಸಿಯುವುದಿಲ್ಲ; ಅವನ ಕೆಲಸದ ಬೆಲೆಯನ್ನು ತಿಳಿಯುತ್ತಾನೆ.

ಚೀಲ ಈಗ ಫ್ರೇಮಿನಲ್ಲಿ ಕುಳಿತಿದೆ. ಮುಂದಿನ ಮೂಲೆಯ ಹೊಲಿಗೆ ಸೊಟ್ಟ. ಜೋರು ಮಳೆಯಲ್ಲಿ ಅಲ್ಲಿಂದ ಒಂದೆರಡು ಹನಿ ಒಳಗೆ ಬರುತ್ತವೆ. ಮೊನ್ನೆ ಅವನ ಅಂಗಡಿಯಲ್ಲಿ ನಿಂತು, "ಅಂದು ತರಗತಿಯಲ್ಲಿ ನಾನು ಆಡಿದ ಮಾತು ತಪ್ಪು, ಕಣಯ್ಯ" ಎಂದೆ. ಅವನು ಹಲ್ಲಿನಲ್ಲಿ ದಾರ ಕತ್ತರಿಸಿ, ಚೀಲದ ಮೂಲೆಯನ್ನು ಬೆರಳಿನಿಂದ ಸವರಿ ಹೇಳಿದ:

"ಮೂಲೆ ತಿರುಗಿಸುವಾಗ ಸೂಜಿ ಬಟ್ಟೆಯೊಳಗೇ ಇಳಿದಿರಲಿ, ಮೇಷ್ಟ್ರೇ. ಆಗ ಸೊಟ್ಟ ಹೋಗುವುದಿಲ್ಲ."